ದಿನಾ ‘ಕೆಲಸ ಸಿಕ್ತಾ?’ ಅಂತ ಕೇಳಬೇಡಿ

ಮಧ್ಯಾಹ್ನ ಒಂದೂವರೆ. ಮೈಸೂರಿನಲ್ಲಿ ಅಮ್ಮನ ಊಟ ಮುಗಿದು, ಒಲೆ ಕಟ್ಟೆ ಒರೆಸಿ, ಸೆರಗಿಗೆ ಕೈ ಒರೆಸಿಕೊಂಡು ಫೋನ್ ಹಿಡಿಯೋ ಹೊತ್ತು. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಂಜೆ ಆರು ಗಂಟೆ. ಜೂನ್ ಅಂದ್ರೆ ಅಲ್ಲಿ ಕೊರೆಯುವ ಚಳಿಗಾಲ. ಆಗಲೇ ಕತ್ತಲು ಕವಿದಿರುತ್ತೆ. ಹಾಸ್ಟೆಲ್‌ನ ಎಂಟು ಮಂಚಗಳ ಕೋಣೆಯಲ್ಲಿ, ಮೇಲಿನ ಮಂಚದ ಮೇಲೆ ಮುದುಡಿ ಕೂತ ನನ್ನ ತಂಗಿಯ ಮುಖ ಫೋನಿನಲ್ಲಿ ಕಾಣುತ್ತಿತ್ತು. ಅಮ್ಮನ ಮೊದಲ ಮಾತು, ‘ಕೆಲಸ ಸಿಕ್ತೇನೇ?’

ಊಟ ಆಯ್ತಾ, ಚಳಿ ಜಾಸ್ತೀನಾ, ನಿದ್ದೆ ಬಂತಾ ಎಲ್ಲಾ ಆಮೇಲೆ. ಮೊದಲು ಅದೇ. 2025ರ ಜೂನ್ ತಿಂಗಳಿಡೀ ಈ ಪ್ರಶ್ನೆ ನಮ್ಮ ಮನೆಯಲ್ಲಿ ತಪ್ಪಲಿಲ್ಲ. ಅಮ್ಮ ಕೇಳದೇ ಇದ್ದ ದಿನ ನಾನು ಕೇಳುತ್ತಿದ್ದೆ. ನಾನು ಮರೆತರೆ ಅಪ್ಪ ಪಕ್ಕದಿಂದ ‘ಏನಂತೆ ಕೆಲಸದ ವಿಷಯ?’ ಅಂತ ಪೇಪರ್ ಮರೆಯಿಂದಲೇ ಕೇಳುತ್ತಿದ್ದರು.

ಈ ಪ್ರಶ್ನೆಯಿಂದ ಏನಾಯ್ತು ಅನ್ನೋದನ್ನ ಹೇಳೋಕೇ ಈ ಲೇಖನ. ನಿಮ್ಮ ಮನೆಯಿಂದಲೂ ಮಗನೋ ಮಗಳೋ, ನಾದಿನಿಯೋ ಮೈದುನನೋ ಬೆನ್ನಿಗೊಂದು ಚೀಲ ಹಾಕ್ಕೊಂಡು ಹೀಗೆ ಹೊರಟು ನಿಂತಿದ್ದರೆ ಸ್ವಲ್ಪ ಓದಿ. ನಮ್ಮ ತಪ್ಪು ನಿಮಗೆ ಬೇಡ.

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ಇದು ಓದೋಕೆ ಹೋಗೋ ವೀಸಾ ಅಲ್ಲ, ಕಂಪನಿಯವರು ಕರೆಸಿಕೊಳ್ಳೋ ವೀಸಾನೂ ಅಲ್ಲ. ‘ವರ್ಕ್ ಅಂಡ್ ಹಾಲಿಡೇ’ ಅಂತ ಹೆಸರು, 462 ಅಂತ ನಂಬರು. 18ರಿಂದ 30 ವರ್ಷದೊಳಗಿನವರು ಒಂದು ವರ್ಷ ಆಸ್ಟ್ರೇಲಿಯಾ ಸುತ್ತಬಹುದು, ಸುತ್ತೋ ಖರ್ಚಿಗೆ ಅಲ್ಲಲ್ಲೇ ಕೆಲಸ ಮಾಡಬಹುದು. ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ವರ್ಷಗಳಿಂದ ಹೀಗೆ ಹೋಗುತ್ತಿದ್ದಾರೆ. ಬ್ಯಾಕ್‌ಪ್ಯಾಕರ್ ಅಂತಾರಲ್ಲ, ಅವರೇ. ನಮ್ಮ ದೇಶದವರಿಗೆ ಈ ಬಾಗಿಲು ತೆರೆದದ್ದು 2024ರಲ್ಲಿ. ವರ್ಷಕ್ಕೆ ಒಂದು ಸಾವಿರ ಜನಕ್ಕೆ ಮಾತ್ರ, ಅದೂ ಲಾಟರಿಯಲ್ಲಿ. 25 ಡಾಲರ್ ಕಟ್ಟಿ ಹೆಸರು ಬರೆಸಬೇಕು. ಹೆಸರು ಎದ್ದರೆ ಮಾತ್ರ ವೀಸಾಗೆ ಅರ್ಜಿ. ಡಿಗ್ರಿಯಲ್ಲಿ ಎರಡು ವರ್ಷವಾದರೂ ಓದಿರಬೇಕು, ಇಂಗ್ಲಿಷ್ ಪರೀಕ್ಷೆಯ ಅಂಕ ತೋರಿಸಬೇಕು, ಬ್ಯಾಂಕಿನಲ್ಲಿ 5000 ಆಸ್ಟ್ರೇಲಿಯಾ ಡಾಲರ್ ಇರಬೇಕು. 2025ರ ಲೆಕ್ಕದಲ್ಲಿ ಅಂದಾಜು ಎರಡೂ ಮುಕ್ಕಾಲು ಲಕ್ಷ ರೂಪಾಯಿ. ವಾಪಸ್ ಬರೋ ಟಿಕೆಟ್ಟಿನ ದುಡ್ಡು ಬೇರೆ.

ಲಾಟರಿ ಅಂದಮೇಲೆ ಲಾಟರಿ. ‘ನಾವು ಹೆಸರು ಎತ್ತಿಸಿಕೊಡ್ತೀವಿ’ ಅನ್ನೋ ಏಜೆಂಟ್ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿ. ಆಸ್ಟ್ರೇಲಿಯಾ ಸರ್ಕಾರದ ಕಂಪ್ಯೂಟರಿನಲ್ಲಿ ಅವರ ಕೈ ಆಡೋದಿಲ್ಲ.

ನನ್ನ ತಂಗಿಗೆ ಇಪ್ಪತ್ತಾರು ವರ್ಷ. ಬಿ.ಕಾಂ. ಮಾಡಿ ಬೆಂಗಳೂರಿನ ಒಂದು ಆಫೀಸಿನಲ್ಲಿ ನಾಲ್ಕು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದಳು. ಲಾಟರಿಯಲ್ಲಿ ಹೆಸರು ಬಂದಾಗ ಮನೆಯಲ್ಲಿ ಒಂದು ವಾರ ಯುದ್ಧ. ‘ಇರೋ ಕೆಲಸ ಬಿಟ್ಟು ಕೆಲಸ ಹುಡುಕ್ಕೊಂಡು ಹೋಗೋದಾ?’ ಅಂತ ಅಪ್ಪ. ‘ಮದುವೆ ವಯಸ್ಸು’ ಅಂತ ಅಮ್ಮ. ಕೊನೆಗೆ ಅವಳ ದುಡ್ಡು, ಅವಳ ನಿರ್ಧಾರ ಅಂತಾಯ್ತು. ನಾನು ಅವಳ ಪರ ನಿಂತೆ ಅಂತ ಇವತ್ತಿಗೂ ಜಂಬ ಕೊಚ್ಚಿಕೊಳ್ಳುತ್ತೀನಿ. ಆದರೆ ಆಮೇಲೆ ನಾನೂ ಸರಿಯಾಗಿ ನಡೆದುಕೊಳ್ಳಲಿಲ್ಲ.

ಉಪ್ಪಿನಕಾಯಿ ಭರಣಿ ಮತ್ತು ಹಳದಿ ಕಾರ್ಡ್

ಹೊರಡೋ ಹಿಂದಿನ ದಿನ ಅಮ್ಮ ಕಟ್ಟಿಟ್ಟ ಗಂಟು ನೋಡಬೇಕಿತ್ತು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮಾವಿನಮಿಡಿ, ಹಪ್ಪಳ ಸಂಡಿಗೆ, ಒಂದು ಡಬ್ಬಿ ತುಪ್ಪ, ಹಿತ್ತಲಿನ ಕರಿಬೇವು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು, ಕೊನೆಗೆ ‘ಅಲ್ಲಿ ಕುಂಡದಲ್ಲಿ ಹಾಕ್ಕೋ’ ಅಂತ ಒಂದು ಪೊಟ್ಟಣ ಮೆಂತ್ಯ, ಕೊತ್ತಂಬರಿ ಬೀಜ!

ಆಸ್ಟ್ರೇಲಿಯಾದವರು ಬೇರೆ ಏನಾದರೂ ಬಿಟ್ಟಾರು, ಇದನ್ನ ಬಿಡೋದಿಲ್ಲ. ಅದು ಸುತ್ತ ಸಮುದ್ರ ಇರೋ ದೇಶ. ಹೊರಗಿನ ಹುಳ, ರೋಗ ಒಳಗೆ ಬಂದರೆ ಅವರ ತೋಟ, ದನಕರು ಎಲ್ಲಕ್ಕೂ ಕುತ್ತು ಅಂತ ಭಯ. ವಿಮಾನ ಇಳಿಯೋ ಮುಂಚೆ ಒಂದು ಕಾರ್ಡ್ ಕೊಡ್ತಾರೆ. ತಿನ್ನೋ ಪದಾರ್ಥ ಏನಿದ್ದರೂ ‘ಇದೆ’ ಅಂತ ಗುರುತು ಹಾಕಬೇಕು. ಗುರುತು ಹಾಕಿ ತೋರಿಸಿದರೆ ಹೆಚ್ಚೆಂದರೆ ಒಂದೆರಡು ವಸ್ತು ಎತ್ತಿ ಕಸಕ್ಕೆ ಹಾಕ್ತಾರೆ. ದಂಡ ಇಲ್ಲ. ಮುಚ್ಚಿಟ್ಟು ನಾಯಿ ಮೂಸಿ ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ, ವೀಸಾಕ್ಕೂ ತೊಂದರೆ ಬರಬಹುದು. ಹಸಿ ಕರಿಬೇವು, ಬಿತ್ತನೆ ಬೀಜ ಮನೆಯಲ್ಲೇ ಬಿಡಿ. ತಂಗಿ ಹಾಗೇ ಮಾಡಿದಳು. ಉಳಿದದ್ದನ್ನೆಲ್ಲ ಕಾರ್ಡಿನಲ್ಲಿ ಬರೆದು, ಚೀಲ ಬಿಚ್ಚಿ ತೋರಿಸಿದಳು. ಪುಡಿಗಳು, ಹಪ್ಪಳ ಉಳಿದವು. ಅಮ್ಮನಿಗೆ ಕರಿಬೇವಿನದೇ ಕೊರಗು. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸೋನಾಮಸೂರಿ ಅಕ್ಕಿಯಿಂದ ಹಿಡಿದು ಎಲ್ಲಾ ಸಿಗುತ್ತೆ ಅಂತ ಎಷ್ಟು ಹೇಳಿದರೂ, ‘ನಮ್ಮ ಹಿತ್ತಲಿನ ಘಮ ಬರುತ್ಯೇ?’ ಅಂದರು. ಅದಕ್ಕೆ ಉತ್ತರ ಇಲ್ಲ ಬಿಡಿ.

ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ...

ಊರು ಹೊಸದು, ಒಂದು ವಾರ ಸುಧಾರಿಸಿಕೊಂಡು ಕೆಲಸಕ್ಕೆ ಸೇರ್ತಾಳೆ ಅಂತ ನಮ್ಮ ಲೆಕ್ಕ ಇತ್ತು. ಅಲ್ಲಿ ಹೋದಮೇಲೆ ಗೊತ್ತಾಯ್ತು, ಕೆಲಸ ಹುಡುಕೋದಕ್ಕೆ ಮುಂಚೆ ಹುಡುಕಬೇಕಾದ್ದು ಬೇರೆ ಎಷ್ಟೋ ಇದೆ ಅಂತ. ಸಂಬಳ ಹಾಕೋಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು. ತೆರಿಗೆಗೆ ಟಿ.ಎಫ್.ಎನ್. ಅನ್ನೋ ನಂಬರ್ ಬೇಕು. ನಮ್ಮ ಪ್ಯಾನ್ ಕಾರ್ಡ್ ಇದ್ದ ಹಾಗೆ. ಇದಕ್ಕೆ ಪುಕ್ಕಟೆಯಾಗಿ ಅರ್ಜಿ ಹಾಕಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಆದರೆ ಆ ದೇಶದಲ್ಲಿ ಕಾಲಿಟ್ಟಮೇಲೇ ಹಾಕಬೇಕು, ಬರೋಕೆ ನಾಲ್ಕು ವಾರದವರೆಗೂ ಹಿಡಿಯಬಹುದು. ಅದಿಲ್ಲದೆ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಹತ್ತಿರ ಹತ್ತಿರ ಅರ್ಧ ತೆರಿಗೆಗೇ ಹಿಡೀಬಹುದು. ನಂಬರ್ ಇದ್ದು, ಕೆಲಸ ಕೊಟ್ಟವರು ಸರಿಯಾಗಿ ನೋಂದಾಯಿಸಿದ್ದರೆ ಮೊದಲ 45 ಸಾವಿರ ಡಾಲರ್‌ವರೆಗೆ ನೂರಕ್ಕೆ ಹದಿನೈದು ಅಷ್ಟೆ.

ನಂಬರಿನ ಪತ್ರ ಬರೋಕೆ ವಿಳಾಸ ಬೇಕು. ವಿಳಾಸ ಬೇಕಂದ್ರೆ ರೂಮ್ ಬೇಕು. ರೂಮ್ ಕೊಡೋರು ಕೇಳೋ ಮೊದಲ ಪ್ರಶ್ನೆ ‘ಎಲ್ಲಿ ಕೆಲಸ?’ ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದ ಹಾಗೆ! ಈ ಗಂಟು ಬಿಚ್ಚೋಕೆ ತಂಗಿಗೆ ಮೂರು ವಾರ ಹಿಡೀತು. ಅಷ್ಟು ದಿನ ಹಾಸ್ಟೆಲ್, ರಾತ್ರಿಗೆ ನಲವತ್ತು ಡಾಲರ್ ಹತ್ತಿರ.

ಹಾಸ್ಟೆಲ್ ಅಂದಕೂಡಲೇ ನಮಗೆ ನೆನಪಾಗೋದು ಲೇಡೀಸ್ ಹಾಸ್ಟೆಲ್, ವಾರ್ಡನ್, ರಾತ್ರಿ ಎಂಟಕ್ಕೆ ಗೇಟು. ಇದು ಹಾಗಲ್ಲ. ಹೆಂಗಸರಿಗೇ ಬೇರೆ ಕೋಣೆ ಬೇಕಂದ್ರೆ ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ಊಟ ಹಾಕೋದಿಲ್ಲ, ದೊಡ್ಡ ಅಡುಗೆಮನೆ ಇರುತ್ತೆ, ಎಲ್ಲರೂ ಅವರವರದು ಮಾಡಿಕೊಳ್ಳಬೇಕು. ಫ್ರಿಜ್ಜಿನಲ್ಲಿ ಇಡೋ ಚೀಲದ ಮೇಲೆ ಹೆಸರು, ಖಾಲಿ ಮಾಡಿ ಹೋಗೋ ತಾರೀಕು ಬರೆಯಬೇಕು. ಒಂದು ಮೂಲೆಯಲ್ಲಿ ಪುಕ್ಕಟೆ ಅಂತ ಬರೆದ ಕಪಾಟು. ಊರು ಬಿಟ್ಟು ಹೋಗೋರು ಉಳಿದ ಅಕ್ಕಿ, ಪಾಸ್ತಾ, ಎಣ್ಣೆ, ಉಪ್ಪು ಅಲ್ಲಿ ಇಟ್ಟು ಹೋಗ್ತಾರೆ, ಬೇಕಾದವರು ತಗೋಬಹುದು. ಮೊದಲ ಹತ್ತು ದಿನ ತಂಗಿ ಅಕ್ಕಿಗೆ ದುಡ್ಡೇ ಕೊಡಲಿಲ್ಲವಂತೆ. ಇದನ್ನ ಅವಳು ಖುಷಿಯಿಂದ ಹೇಳಿದ್ದು. ಅಮ್ಮ ಫೋನ್ ಇಟ್ಟಮೇಲೆ ಕಣ್ಣೊರೆಸಿಕೊಂಡರು. ‘ಯಾರೋ ಬಿಟ್ಟು ಹೋದದ್ದು ತಿಂತಿದಾಳಲ್ಲೇ.’ ನೋಡಿ, ಅಲ್ಲಿ ಜಾಣತನ ಅನ್ನಿಸಿಕೊಂಡಿದ್ದು ಇಲ್ಲಿ ದೈನ್ಯವಾಗಿ ಕಾಣುತ್ತೆ!

ರೂಮಿನ ವಿಷಯದಲ್ಲಿ ಎರಡು ಮಾತು. ಅಲ್ಲಿ ಬಾಡಿಗೆ ತಿಂಗಳ ಲೆಕ್ಕ ಅಲ್ಲ, ವಾರದ ಲೆಕ್ಕ. ‘ಬರೀ 200 ಡಾಲರ್’ ಅಂತ ಮಗಳು ಹೇಳಿದರೆ ಅದನ್ನ ನಾಲ್ಕೂಕಾಲರಿಂದ ಗುಣಿಸಿಕೊಳ್ಳಿ. ಎರಡನೇದು, ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬಾರದು. ಫೋಟೋ ತೋರಿಸಿ ‘ನಾನು ಊರಲ್ಲಿಲ್ಲ, ದುಡ್ಡು ಹಾಕಿ ಕೀ ಕಳಿಸ್ತೀನಿ’ ಅನ್ನೋ ಮೋಸ ಅಲ್ಲೂ ಇದೆ. ಅಡ್ವಾನ್ಸಿಗೆ ಬಾಂಡ್ ಅಂತಾರೆ. ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ ಮನೆ ಮಾಲೀಕರು ಅದನ್ನ ಸ್ವಂತ ಜೇಬಿನಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ಸರ್ಕಾರದ ಬಾಂಡ್ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ರಸೀದಿ ಕೇಳೋಕೆ ಸಂಕೋಚ ಬೇಡ ಅಂತ ಹೇಳಿಕೊಡಿ. ನಮ್ಮ ಹೆಣ್ಣುಮಕ್ಕಳಿಗೆ ಈ ಸಂಕೋಚ ಸ್ವಲ್ಪ ಜಾಸ್ತಿ.

ಗುಣಾಕಾರದ ಚಟ

ಇನ್ನು ಕೆಲಸ. ಬಿ.ಕಾಂ. ಓದಿ ನಾಲ್ಕು ವರ್ಷ ಅನುಭವ ಇದೆ, ಆಫೀಸ್ ಕೆಲಸ ಸಿಗಲ್ವಾ ಅಂತ ನೀವು ಕೇಳಬಹುದು. ನಾವೂ ಕೇಳಿದ್ವಿ. ಈ ವೀಸಾದಲ್ಲಿ ಸಾಮಾನ್ಯವಾಗಿ ಒಬ್ಬರ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡೋ ಹಾಗಿಲ್ಲ. ಆರೇ ತಿಂಗಳಿಗೆ ಬಿಟ್ಟು ಹೋಗೋಳಿಗೆ ಕೆಲಸ ಕಲಿಸಿ ಕುರ್ಚಿ ಕೊಡೋರು ಕಡಿಮೆ. ಹಾಗಾಗಿ ಹೆಚ್ಚಿನವರಿಗೆ ಸಿಗೋದು ಹೋಟೆಲ್ ಅಡುಗೆಮನೆ, ಕಾಫಿ ಅಂಗಡಿ, ಕ್ಲೀನಿಂಗ್, ಗೋದಾಮು, ಹಣ್ಣಿನ ತೋಟ. ಅದರಲ್ಲೂ ಚಳಿಗಾಲದಲ್ಲಿ ಮೆಲ್ಬರ್ನ್‌ನಲ್ಲಿ ಕಾಫಿ ಅಂಗಡಿಯ ಕೆಲಸಕ್ಕೆ ಅನುಭವ ಕೇಳ್ತಾರೆ. ಬಾರ್ ಇರೋ ಕಡೆ ಮದ್ಯ ಬಡಿಸೋಕೆ ಪ್ರಮಾಣಪತ್ರ ಬೇಕು, ಕಟ್ಟಡದ ಕೆಲಸಕ್ಕೆ ಬೇರೆ ಕಾರ್ಡ್. ತಂಗಿ ತನ್ನ ಮೂರು ಪುಟದ ಬಯೋಡೇಟಾವನ್ನ ಒಂದು ಪುಟಕ್ಕೆ ಇಳಿಸಿದಳು. ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸು, ಫೋಟೋ ಎಲ್ಲಾ ತೆಗೆದಳು. ಅಲ್ಲಿ ಅದನ್ನ ಯಾರೂ ನೋಡಲ್ಲ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಬರ್ತೀಯಾ ಅನ್ನೋದೇ ಮುಖ್ಯ. ಅರವತ್ತು ಪ್ರತಿ ತೆಗೆಸಿ, ಮಧ್ಯಾಹ್ನದ ಗಲಾಟೆ ಮುಗಿದ ಹೊತ್ತು ನೋಡಿಕೊಂಡು ಅಂಗಡಿ ಅಂಗಡಿಗೆ ಹೋಗಿ ಕೊಟ್ಟು ಬಂದಳು. ನಾಲ್ಕು ಕಡೆಯಿಂದ ಫೋನ್ ಬಂತು. ಎರಡು ಕಡೆ ಪರೀಕ್ಷೆಗೆ ಕರೆದು ಆಮೇಲೆ ಸುಮ್ಮನಾದರು.

ಇಷ್ಟೆಲ್ಲ ಆಗುವಾಗ ನಾವು ಇಲ್ಲಿಂದ ಏನು ಮಾಡುತ್ತಿದ್ವಿ? ಅದೇ, ‘ಕೆಲಸ ಸಿಕ್ತಾ?’ ಅಮ್ಮ ಒಂದು ದಿನ, ‘ಪಕ್ಕದ ಮನೆಯವರು ಕೇಳ್ತಾರೆ ಕಣೇ, ನಂಗೆ ಹೊರಗೆ ಹೋಗೋಕೇ ನಾಚಿಕೆ ಆಗುತ್ತೆ’ ಅಂದುಬಿಟ್ಟರು. ನಾನಾದರೂ ಸುಮ್ಮನಿರಬಾರದಾ? ‘ಇನ್ನೆಷ್ಟು ದಿನ ಸೇವಿಂಗ್ಸ್ ಕರಗಿಸ್ತೀಯ? ಯಾವುದೋ ಒಂದು ಹಿಡಿದುಕೋ’ ಅಂದೆ. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತೆ.

ಅವಳು ಯಾವುದೋ ಒಂದನ್ನ ಹಿಡಿದಳು. ನಾಲ್ಕನೇ ವಾರ ಫೋನ್ ಮಾಡಿ, ‘ಅಮ್ಮ, ಕೆಲಸ ಸಿಕ್ತು’ ಅಂದಳು. ಇಂಡಿಯನ್ ಹೋಟೆಲ್ಲು, ಮಾಲೀಕರು ನಮ್ಮ ದೇಶದವರೇ, ಗಂಟೆಗೆ 14 ಡಾಲರ್, ಕೈಗೇ ನಗದು. ಅಪ್ಪ ಕೂಡಲೇ ಗುಣಿಸಿದರು. ಹತ್ತಿರ ಹತ್ತಿರ ಎಂಟುನೂರು ರೂಪಾಯಿ, ಗಂಟೆಗೆ! ಅಮ್ಮ ಮರುದಿನವೇ ಚಾಮುಂಡಿ ಬೆಟ್ಟಕ್ಕೆ ಹೋಗಿ ಕಾಯಿ ಒಡೆಸಿ ಬಂದರು. ನಾನು ಮನೆಯಲ್ಲಿ ಪಾಯಸ ಮಾಡಿದೆ.

ಈ ಗುಣಾಕಾರವೇ ನೋಡಿ ಮೋಸ ಮಾಡೋದು. ರೂಪಾಯಿಗೆ ಗುಣಿಸಿದರೆ ಎಲ್ಲಾ ಸಂಬಳವೂ ದೊಡ್ಡದೇ. ಆದರೆ ಅವಳು ಬಾಡಿಗೆ ಕಟ್ಟೋದು, ಟ್ರೈನಿಗೆ ಕೊಡೋದು, ಹಾಲು ತರೋದು ಎಲ್ಲಾ ಡಾಲರಿನಲ್ಲೇ. ಆಸ್ಟ್ರೇಲಿಯಾದಲ್ಲಿ ಕಾನೂನು ಪ್ರಕಾರ ಕನಿಷ್ಠ ಕೂಲಿ ಇದೆ. 2025ರ ಜುಲೈ 1ರಿಂದ ಅದು ಗಂಟೆಗೆ 24 ಡಾಲರ್ 95 ಸೆಂಟ್ ಆಯಿತು. ಕಾಯಂ ಅಲ್ಲದ, ಕರೆದಾಗ ಬರೋ ‘ಕ್ಯಾಶುಯಲ್’ ಕೆಲಸದವರಿಗೆ ರಜೆ ಗಿಜೆ ಇಲ್ಲದ ಕಾರಣ ಅದರ ಮೇಲೆ ಇನ್ನೂ ಕಾಲುಭಾಗ, ಅಂದರೆ 31 ಡಾಲರ್ 19 ಸೆಂಟ್. ಪ್ರತಿವರ್ಷ ಜುಲೈನಲ್ಲಿ ಈ ಮೊತ್ತ ಬದಲಾಗುತ್ತೆ. ಹೋಗೋರು ಆ ವರ್ಷದ ಲೆಕ್ಕ ನೋಡಿಕೊಂಡೇ ಹೋಗಬೇಕು. ನಾವು ಪಾಯಸ ಮಾಡಿದ ಸಂಬಳ ಅದರ ಅರ್ಧಕ್ಕೂ ಕಡಿಮೆ!

ಮೊದಲ ವಾರ ‘ಟ್ರೈನಿಂಗ್’ ಅಂತ ಹೇಳಿ ಒಂದು ಕಾಸೂ ಕೊಡಲಿಲ್ಲ. ಎರಡನೇ ವಾರ 30 ಗಂಟೆಗೆ 420 ಡಾಲರ್ ಒಂದು ಕವರಿನಲ್ಲಿ ಬಂತು. ಮೂರನೇ ವಾರ ‘ಸೋಮವಾರ ನೋಡೋಣ’ ಅಂದರು. ಆ ಸೋಮವಾರ ಬರಲೇ ಇಲ್ಲ. ಕೇಳಿದ್ದಕ್ಕೆ, ‘ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ’ ಅನ್ನೋ ಮಾತು ಬಂತು.

ಇದ್ಯಾವುದನ್ನೂ ಅವಳು ನಮಗೆ ಹೇಳಲಿಲ್ಲ. ಹೇಗೆ ಹೇಳ್ತಾಳೆ? ಅಮ್ಮ ಬೆಟ್ಟಕ್ಕೆ ಹೋಗಿ ಬಂದಾಗಿತ್ತು! ಫೋನ್ ಮಾಡಿದಾಗಲೆಲ್ಲ ‘ಚೆನ್ನಾಗಿದೆ’ ಅಂತಿದ್ದಳು. ಜುಲೈ ಕೊನೆಯ ಒಂದು ರಾತ್ರಿ, ಇಲ್ಲಿ ಹತ್ತು ಗಂಟೆ, ಅಲ್ಲಿ ಎರಡೂವರೆ, ನನ್ನ ಫೋನ್ ಹೊಡೆದುಕೊಂಡಿತು. ‘ಅಕ್ಕಾ, ಅಮ್ಮಂಗೆ ಹೇಳ್ಬೇಡ’ ಅಂತ ಶುರುಮಾಡಿದವಳು ಅರ್ಧ ಗಂಟೆ ಬರೀ ಅತ್ತಳು. ಕೊನೆಗೆ ಕೇಳಿದೆ, ‘ಅಷ್ಟು ಕಡಿಮೆ ಅಂತ ಗೊತ್ತಿದ್ದೂ ಯಾಕೆ ಸೇರಿದೆ?’

‘ನೀವು ದಿನಾ ಕೇಳ್ತಿದ್ರಲ್ಲ’ ಅಂದಳು.

ನನಗೆ ಮಾತು ಹೊರಡಲಿಲ್ಲ.

ಆಮೇಲೆ ಮಾಡಿದ್ದು

ನಾನು ಗೃಹಿಣಿ, ಕಾನೂನು ಗೊತ್ತಿದ್ದವಳಲ್ಲ. ಇಬ್ಬರೂ ಸೇರಿ ಎರಡು ದಿನ ಓದಿ ತಿಳಿದುಕೊಂಡದ್ದು ಇಷ್ಟು. ಅಲ್ಲಿ ಫೇರ್ ವರ್ಕ್ ಆಂಬುಡ್ಸ್‌ಮನ್ ಅಂತ ಸರ್ಕಾರದ ಕಚೇರಿ ಇದೆ. ಕೂಲಿ ಸಿಗದವರು ಅಲ್ಲಿಗೆ ಹೋಗಬಹುದು, ಫೋನ್ 13 13 94, ಸಲಹೆಗೆ ದುಡ್ಡಿಲ್ಲ. ಸ್ಥಳೀಯರಿಗೆ ಒಂದು ಕೂಲಿ, ಬ್ಯಾಕ್‌ಪ್ಯಾಕರಿಗೆ ಒಂದು ಕೂಲಿ ಅಂತ ಇಲ್ಲ. ಕೆಲಸ ಬರುತ್ತಾ ಅಂತ ನೋಡೋಕೆ ಸ್ವಲ್ಪ ಹೊತ್ತು ಪರೀಕ್ಷೆ ಮಾಡಬಹುದೇ ಹೊರತು ಒಂದು ವಾರ ಪುಕ್ಕಟೆ ದುಡಿಸಿಕೊಳ್ಳೋ ಹಾಗಿಲ್ಲ. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಬೇಕು. ನಗದು ಕೊಟ್ಟರೂ ಪೇಸ್ಲಿಪ್ ಬೇಕೇ ಬೇಕು. ಬೇಕಂತಲೇ ಕೂಲಿ ಕಡಿಮೆ ಕೊಡೋದು 2025ರ ಜನವರಿ 1ರಿಂದ ಅಲ್ಲಿ ಕ್ರಿಮಿನಲ್ ಅಪರಾಧ. ಎಲ್ಲಕ್ಕಿಂತ ಮುಖ್ಯವಾದದ್ದು, ವೀಸಾ ರದ್ದು ಮಾಡೋ ಅಧಿಕಾರ ಸರ್ಕಾರಕ್ಕೆ ಮಾತ್ರ. ಹೋಟೆಲ್ ಮಾಲೀಕನಿಗೆ ಇಲ್ಲ.

ಈ ಕೊನೆಯ ವಾಕ್ಯ ಓದಿದಮೇಲೆ ಅವಳಿಗೆ ಧೈರ್ಯ ಬಂತು. ಅದೃಷ್ಟಕ್ಕೆ, ಲೆಕ್ಕಪತ್ರದ ಹುಡುಗಿ ನೋಡಿ, ಯಾವ ದಿನ ಎಷ್ಟು ಹೊತ್ತಿಗೆ ಬಂದೆ, ಎಷ್ಟಕ್ಕೆ ಹೊರಟೆ ಅಂತ ಪುಟ್ಟ ಡೈರಿಯಲ್ಲಿ ಬರೆದಿಟ್ಟಿದ್ದಳು. ಮಾಲೀಕರ ಮೆಸೇಜುಗಳೂ ಇದ್ದವು. 90 ಗಂಟೆ, ಕನಿಷ್ಠ ಕೂಲಿಯ ಲೆಕ್ಕದಲ್ಲಿ 2800 ಡಾಲರಿನ ಮೇಲೆ, ಬಂದದ್ದು 420. ಮರ್ಯಾದೆಯಾಗಿ ಒಂದು ಪತ್ರ ಬರೆದು, ಇಂಥ ತಾರೀಕಿನೊಳಗೆ ಕೊಡದಿದ್ದರೆ ದೂರು ಕೊಡ್ತೀನಿ ಅಂತ ತಿಳಿಸಿದಳು. ಹತ್ತು ದಿನಕ್ಕೆ 1200 ಡಾಲರ್ ಖಾತೆಗೆ ಬಂತು. ಉಳಿದದ್ದಕ್ಕೆ ಅವಳು ಹಿಂದೆ ಬೀಳಲಿಲ್ಲ. ‘ನಾನಾಗಿದ್ರೆ ಬಿಡ್ತಿರಲಿಲ್ಲ’ ಅಂದೆ. ‘ನೀನು ಇಲ್ಲಿಲ್ವಲ್ಲ ಅಕ್ಕ’ ಅಂದಳು. ಅದೂ ನಿಜವೇ.

‘ನಮ್ಮವರೇ’ ಅನ್ನೋ ಮಾತಿನ ಬಗ್ಗೆಯೂ ಹೇಳಬೇಕು. ಪರದೇಶದಲ್ಲಿ ನಮ್ಮ ಭಾಷೆ, ನಮ್ಮ ಅಡುಗೆ ಕಂಡಾಗ ಮನಸ್ಸು ಕರಗುತ್ತೆ, ಕಾಗದ ಪತ್ರ ಕೇಳೋಕೆ ನಾಲಿಗೆ ಏಳಲ್ಲ. ಹಾಗಂತ ಎಲ್ಲರನ್ನೂ ಅನುಮಾನಿಸಿ ಅಂತಲ್ಲ. ಅವಳಿಗೆ ಜ್ವರ ಬಂದಾಗ ಅನ್ನ ಸಾರು ತಂದುಕೊಟ್ಟವರೂ ನಮ್ಮವರೇ, ಗಣೇಶನ ಹಬ್ಬಕ್ಕೆ ಮನೆಗೆ ಕರೆದು ಕಡುಬು ಬಡಿಸಿದ ದಾವಣಗೆರೆ ಕಡೆಯ ಆಂಟಿ. ಊಟಕ್ಕೆ, ಹಬ್ಬಕ್ಕೆ ನಮ್ಮವರು ಬೇಕು. ಕೆಲಸಕ್ಕೆ ಮಾತ್ರ ಯಾರಾದರೂ ಸರಿ, ಪೇಸ್ಲಿಪ್ ಕೊಡೋರಾಗಿರಲಿ.

ಜ್ವರ ಅಂದಾಗ ನೆನಪಾಯ್ತು. ಅಲ್ಲಿನ ಸರ್ಕಾರದ ಮೆಡಿಕೇರ್ ಸೌಲಭ್ಯ ಕೆಲವು ದೇಶದ ಪ್ರವಾಸಿಗರಿಗೆ ಒಪ್ಪಂದದ ಮೇಲೆ ಸಿಗುತ್ತೆ, ನಮ್ಮವರಿಗೆ ಇಲ್ಲ. ಆರೋಗ್ಯ ವಿಮೆ ಮಾಡಿಸದೆ ಕಳಿಸಬೇಡಿ. ಮಾತ್ರೆ ತಗೊಳ್ಳೋರಾದರೆ ಡಾಕ್ಟರ ಚೀಟಿ ಜೊತೆಗಿರಲಿ. ಪೊಲೀಸ್, ಆಂಬುಲೆನ್ಸ್ ಎಲ್ಲಕ್ಕೂ ಅಲ್ಲಿ ಮೂರು ಸೊನ್ನೆ.

ಪಾತ್ರೆ ತೊಳೆಯೋ ಮರ್ಯಾದೆ

ಆಗಸ್ಟ್‌ನಲ್ಲಿ ಅವಳಿಗೆ ಸರಿಯಾದ ಕೆಲಸ ಸಿಕ್ಕಿತು. ವಯಸ್ಸಾದವರನ್ನ ನೋಡಿಕೊಳ್ಳೋ ಒಂದು ಕೇಂದ್ರದ ಅಡುಗೆಮನೆಯಲ್ಲಿ, ‘ಕಿಚನ್ ಹ್ಯಾಂಡ್’. ಪೊಲೀಸ್ ದಾಖಲೆ ತಪಾಸಣೆ ಮಾಡಿಸಿ ತಂದಮೇಲೇ ಸೇರಿಸಿಕೊಂಡರು. ತರಕಾರಿ ಹೆಚ್ಚೋದು, ತಟ್ಟೆ ಜೋಡಿಸೋದು, ಪಾತ್ರೆ ತೊಳೆಯೋದು, ನೆಲ ಒರೆಸೋದು.

ಈ ಸಲ ಅವಳು ಅಮ್ಮನಿಗೆ ನೇರವಾಗಿ ಹೇಳಿದಳು. ಹಿಂದಿನ ಕಥೆಯನ್ನೂ ಸೇರಿಸಿ. ಫೋನಿನ ಈ ಕಡೆ ಎರಡು ನಿಮಿಷ ಸದ್ದೇ ಇಲ್ಲ. ಆಮೇಲೆ ಅಮ್ಮ, ‘ಡಿಗ್ರಿ ಓದಿಸಿದ್ದು ಪಾತ್ರೆ ತೊಳೆಯೋಕಾ?’ ಅಂದರು. ಈ ಮಾತು ಎಷ್ಟು ಮನೆಗಳಲ್ಲಿ ಬಂದಿರಬಹುದೋ! ನನಗೆ ಸಿಟ್ಟೂ ಬಂತು, ನಗುವೂ ಬಂತು. ‘ಅಮ್ಮ, ನೀನೂ ನಾನೂ ಮೂರು ಹೊತ್ತು ತೊಳೀತೀವಲ್ಲ, ಅದೇ ಪಾತ್ರೆ. ಅಲ್ಲಿ ಅದಕ್ಕೆ ಗಂಟೆಗೆ 31 ಡಾಲರಿನ ಮೇಲೆ ಕೊಡ್ತಾರೆ. ಸಾವಿರದ ಏಳುನೂರು ರೂಪಾಯಿ ದಾಟುತ್ತೆ’ ಅಂದೆ. ಗುಣಿಸಬಾರದು ಅಂತ ಈಗ ತಾನೇ ಹೇಳಿದವಳು ನಾನೇ, ಆದರೆ ಈ ಒಂದು ಗುಣಾಕಾರ ಮಾಡಲೇಬೇಕಿತ್ತು. ಅಮ್ಮ ಯೋಚನೆ ಮಾಡಿ, ‘ಹಾಗಾದ್ರೆ ನಿಮ್ಮಪ್ಪ ನನಗೆ ಎಷ್ಟು ಕೊಡಬೇಕೇ?’ ಅಂದರು. ಅಪ್ಪ ಪೇಪರ್ ಇನ್ನೂ ಸ್ವಲ್ಪ ಮೇಲೆತ್ತಿಕೊಂಡರು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಅವಳ ಫೋನಿನ ದನಿಯೇ ಬೇರೆಯಾಗಿತ್ತು. ಅಲ್ಲಿನ ಅಜ್ಜಿಯೊಬ್ಬರಿಗೆ ಇವಳ ಹೆಸರು ಹೇಳೋಕೆ ಬರದೆ ಬೇರೇನೋ ಹೆಸರಿಟ್ಟಿದ್ದು, ಟ್ರೈನ್ ಕಾರ್ಡ್ ತಟ್ಟೋಕೆ ಮರೆತು ಓಡಿ ವಾಪಸ್ ಬಂದಿದ್ದು, ಹಳೇ ಬಟ್ಟೆ ಅಂಗಡಿಯಲ್ಲಿ ಹತ್ತು ಡಾಲರಿಗೆ ಉಣ್ಣೆ ಕೋಟು ಸಿಕ್ಕಿದ್ದು. ಕೆಲಸದ ಮಾತು ನಾವು ಎತ್ತದೇ ಇದ್ದಾಗ ಎಷ್ಟೊಂದು ಮಾತು ಬಂತು ಅಂತೀರಿ!

ನಮ್ಮನೆಯಲ್ಲಿ ಆಗ ಒಂದು ನಿಯಮ ಮಾಡಿಕೊಂಡ್ವಿ. ನಮ್ಮ ಕಡೆಯಿಂದ ವಾರಕ್ಕೆ ಎರಡೇ ಫೋನ್. ಮಿಕ್ಕಿದ್ದು ಅವಳಾಗಿ ಮಾಡಿದರೆ. ದುಡ್ಡಿನ ಮಾತು ನನ್ನ ಹತ್ತಿರ ಮಾತ್ರ, ತಿಂಗಳಿಗೊಮ್ಮೆ. ವಾಪಸ್ ಬರೋ ಟಿಕೆಟ್ಟಿನ ದುಡ್ಡು ಬೇರೆ ಖಾತೆಯಲ್ಲಿ ಮುಟ್ಟದ ಹಾಗೆ ಇಟ್ಟದ್ದು ಅಪ್ಪನ ಉಪಾಯ. ‘ಯಾವತ್ತು ಬೇಕಾದರೂ ಬಾ, ಯಾರೂ ಏನೂ ಕೇಳಲ್ಲ’ ಅಂತ ಅವರು ಒಂದೇ ಸಲ ಹೇಳಿದ್ದು. ಆ ಮಾತನ್ನ ಜೂನ್‌ನಲ್ಲೇ ಹೇಳಿದ್ದರೆ ಹೋಟೆಲ್ಲಿನ ಕಥೆ ನಡೆಯುತ್ತಲೇ ಇರಲಿಲ್ಲವೇನೋ. ಹೋಗೋ ಮಕ್ಕಳು ಕನಿಷ್ಠ ಎರಡು ತಿಂಗಳು ಕೆಲಸ ಇಲ್ಲದೆ ಇರೋಕಾಗುವಷ್ಟು ದುಡ್ಡು ಇಟ್ಟುಕೊಂಡು ಹೋಗಲಿ ಅಂತ ಈಗ ಕೇಳಿದವರಿಗೆಲ್ಲ ಹೇಳ್ತೀನಿ. ಆ ಎರಡು ತಿಂಗಳು ಖಾಲಿ ಕೂತ ತಿಂಗಳಲ್ಲ. ಬ್ಯಾಂಕು, ನಂಬರು, ರೂಮು, ದಾರಿ, ಭಾಷೆಯ ಉಚ್ಚಾರ ಎಲ್ಲಾ ಕಲಿಯೋದು ಆಗಲೇ.

ಪಕ್ಕದ ಮನೆಯವರಿಗೆ? ‘ಊರು ನೋಡ್ತಿದಾಳೆ’ ಅನ್ನಿ. ಸುಳ್ಳೇನಲ್ಲವಲ್ಲ.

ಫೆಬ್ರವರಿ ಹೊತ್ತಿಗೆ ಆ ಕೆಲಸಕ್ಕೆ ಆರು ತಿಂಗಳಾಯಿತು. ತಂಗಿ ಗಂಟು ಕಟ್ಟಿ ಮೆಲ್ಬರ್ನ್‌ನಿಂದ 540 ಕಿಲೋಮೀಟರ್ ದೂರದ ಮಿಲ್ಡೂರಾ ಕಡೆಗೆ ಹೊರಟಳು. ಮರ್ರೆ ನದಿಯ ದಡದ ದ್ರಾಕ್ಷಿ ಸೀಮೆ ಅದು. ಊರ ಹೊರಗಿನ ಇಂಥ ಕಡೆ ತೋಟದ ಕೆಲಸ ಮೂರು ತಿಂಗಳು ಮಾಡಿದರೆ ಎರಡನೇ ವರ್ಷದ ವೀಸಾಗೆ ಅರ್ಜಿ ಹಾಕೋ ದಾರಿ ಇದೆ. ಬೆಳಗ್ಗೆ ಆರಕ್ಕೇ ತೋಟ, ಮಧ್ಯಾಹ್ನದ ಬಿಸಿಲು ನಲವತ್ತು ಡಿಗ್ರಿ, ಮುಖದ ಮೇಲೆ ನೊಣ. ಪೆಟ್ಟಿಗೆ ಲೆಕ್ಕದಲ್ಲಿ ಕೂಲಿ. ಮೊದಲೆಲ್ಲ ಕೈ ನಿಧಾನ ಇದ್ದವರಿಗೆ ದಿನವಿಡೀ ಬಗ್ಗಿದರೂ ಊಟದ ದುಡ್ಡೂ ಹುಟ್ಟುತ್ತಿರಲಿಲ್ಲವಂತೆ. 2022ರ ಏಪ್ರಿಲ್‌ನಿಂದ ಪೆಟ್ಟಿಗೆ ಲೆಕ್ಕ ಇದ್ದರೂ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಕೊಡೋ ಹಾಗಿಲ್ಲ ಅಂತ ಆಗಿದೆ. ಅದನ್ನ ಅವಳು ಹೊರಡೋ ಮುಂಚೆಯೇ ಓದಿಕೊಂಡು, ಉಳಿಯೋ ಜಾಗದ ಬಾಡಿಗೆ ಎಷ್ಟು ಹಿಡೀತಾರೆ ಅಂತ ಬರೆದು ಕಳಿಸಿ ಅಂತ ಕೇಳಿ, ಆಮೇಲೆ ಬಸ್ ಹತ್ತಿದಳು.

ಮೊದಲ ವಾರ ಬೆರಳೆಲ್ಲ ಕತ್ತರಿಯ ಗಾಯ. ಫೋಟೋ ನೋಡಿ ಅಮ್ಮ ಅರಿಸಿನ ಹಚ್ಚು ಅಂದರು. ಇವಳ ಹತ್ತಿರ ಸಾರಿನ ಪುಡಿ ಮಾತ್ರ ಉಳಿದಿತ್ತು. ಅದನ್ನೇ ಹಚ್ಚಲಾ ಅಂತ ಕೇಳಿ ಬೈಸಿಕೊಂಡಳು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿರುತ್ತೆ, ನಮ್ಮ ಒಂದೂವರೆಗೆ ಅವಳಿಗೆ ಸಂಜೆ ಏಳು. ತೋಟದಿಂದ ಬಂದು ಸ್ನಾನ ಮಾಡಿ ಮಲಗೋ ಹೊತ್ತು. ಅದಕ್ಕೆ ಅಮ್ಮ ಈಗ ಊಟಕ್ಕೆ ಮುಂಚೆ, ಕುಕ್ಕರ್ ಕೂಗಿಸಿ ಇಳಿಸಿದ ಕೂಡಲೇ ಫೋನ್ ಮಾಡ್ತಾರೆ.

ಮೊನ್ನೆ ನಾನು ಮೈಸೂರಿನಲ್ಲೇ ಇದ್ದೆ. ಅಮ್ಮ ಫೋನ್ ಹಿಡಿದು ಜಗುಲಿ ಮೇಲೆ ಕೂತಿದ್ದರು. ಏನು ಸಾರು ಮಾಡಿದೆ, ಅಲ್ಲಿ ಬದನೆಕಾಯಿ ಸಿಗುತ್ತಾ, ಆ ಜಪಾನಿನ ಹುಡುಗಿ ಇನ್ನೂ ನಿನ್ನ ಜೊತೇಲೇ ಇದಾಳಾ ಅಂತೆಲ್ಲ ಕೇಳಿದರು. ಇಡೋ ಮುಂಚೆ ದನಿ ತಗ್ಗಿಸಿ, ಯಾರೋ ಕದ್ದು ಕೇಳಿಸಿಕೊಳ್ತಾರೇನೋ ಅನ್ನೋ ಹಾಗೆ ಕೇಳಿದರು, ‘ಈ ವಾರದ ಪೇಸ್ಲಿಪ್ ಬಂತೇನೇ?’